ಬೀಗದ ಮೇಲಿನ ಅನುಮಾನ: ಗೀಳು ರೋಗದ ಚಿಕಿತ್ಸೆಯಲ್ಲಿ ಗಣಕಯಂತ್ರದ ನೆರವು

ಬಾಗಲಕೋಟೆಯಿಂದ ಬೆಳಗಾವಿಯ ಕಡೆಗೆ ಸಾಗುವ ರಸ್ತೆಯಲ್ಲಿ ತುಳಸಿಗೇರಿಯ ಹನುಮಪ್ಪನ ಗುಡಿ ಇದೆ. ಕಲಾದಗಿಯ ದಾಳಿಂಬೆ, ಲೋಕಾಪುರದ ಸುಣ್ಣದ ಕಲ್ಲು, ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆ ಹೀಗೆ ಬಗೆಬಗೆಯ ಸರಕಿನೊಡನೆ ಓಡಾಡುವ ವ್ಯಾಪಾರಸ್ಥರು ಇಲ್ಲಿ ಒಂದು ಗಳಿಗೆ ನಿಂತು, ಕೈಮುಗಿದು, ಮುಂದೆ ಸಾಗುತ್ತಾರೆ. ಶನಿವಾರ ಹನ್ನೊಂದು ಪ್ರದಕ್ಷಿಣೆ ಹಾಕುವ ನೇಮವುಳ್ಳವರೂ ಇದ್ದಾರೆ. ಪ್ರದಕ್ಷಿಣೆ ಮುಗಿಸಿದ ಭಕ್ತನ ಮನಸ್ಸು ಹಗುರವಾಗುತ್ತದೆ. ಅವನು ನೆಮ್ಮದಿಯಿಂದ ಅಂಗಡಿಯ ಬಾಗಿಲು ತೆರೆಯುತ್ತಾನೆ.

ಅದೇ ಅಂಗಳದಲ್ಲಿ ಇನ್ನೊಬ್ಬನಿರಬಹುದು. ಎಂಟನೆಯ ಸುತ್ತಿನಲ್ಲಿ ಅವನಿಗೆ ಒಂದು ಸಂದೇಹ ಬರುತ್ತದೆ: ಎಣಿಕೆ ತಪ್ಪಿತೇ? ಅವನು ಮೊದಲಿನಿಂದ ಆರಂಭಿಸುತ್ತಾನೆ. ಮತ್ತೆ ಸಂದೇಹ, ಮತ್ತೆ ಮೊದಲು. ಅವನಲ್ಲಿ ಭಕ್ತಿಗೆ ಕೊರತೆಯಿಲ್ಲ, ಆದರೆ ನೆಮ್ಮದಿ ಮಾತ್ರ ದೊರೆಯುವುದಿಲ್ಲ. ತಾನು ಮಾಡುತ್ತಿರುವುದು ಅತಿಯೆಂದು ಅವನಿಗೇ ತಿಳಿದಿರುತ್ತದೆ, ಆದರೂ ನಿಲ್ಲಿಸಲಾಗುವುದಿಲ್ಲ. ಮೊದಲನೆಯವನದು ನೇಮ, ಎರಡನೆಯವನದು ರೋಗ. ವೈದ್ಯರು ಇದನ್ನು ಗೀಳು ಮನೋರೋಗ ಎನ್ನುತ್ತಾರೆ, ಓ.ಸಿ.ಡಿ. ಎಂಬ ಇಂಗ್ಲಿಷ್ ಅಕ್ಷರಗಳಿಂದಲೂ ಅದು ಪರಿಚಿತ.

ಈ ರೋಗಕ್ಕೆ ಪರಿಣಾಮಕಾರಿಯಾದ ಚಿಕಿತ್ಸೆ ಹಲವು ದಶಕಗಳಿಂದ ಇದೆ. ಕೊರತೆ ಇರುವುದು ಚಿಕಿತ್ಸೆ ನೀಡಬಲ್ಲ ತಜ್ಞರದು. ಈ ಕೊರತೆಯನ್ನು ತುಂಬಲು ಗಣಕಯಂತ್ರದ ತಂತ್ರಾಂಶಗಳು ಎಷ್ಟರಮಟ್ಟಿಗೆ ನೆರವಾಗಬಲ್ಲವು ಎಂಬುದನ್ನು ಲಾಭ ನಷ್ಟದ ಲೆಕ್ಕ ಬಲ್ಲ ವರ್ತಕ ಸಮುದಾಯ ತಿಳಿದುಕೊಳ್ಳುವುದು ಉಚಿತ.

ಅಂಗಡಿಯ ಬೀಗ, ಗಲ್ಲೆಯ ಎಣಿಕೆ

ಉದಾಹರಣೆಗಾಗಿ ಇಳಕಲ್ಲಿನ ಒಬ್ಬ ಸೀರೆ ವ್ಯಾಪಾರಿಯನ್ನು ಕಲ್ಪಿಸಿಕೊಳ್ಳಬಹುದು. ರಾತ್ರಿ ಎಂಟೂವರೆಗೆ ಅಂಗಡಿಗೆ ಬೀಗ ಹಾಕುತ್ತಾನೆ, ಎಳೆದು ನೋಡುತ್ತಾನೆ. ಹತ್ತು ಹೆಜ್ಜೆ ನಡೆದು ಮರಳಿ ಬಂದು ಮತ್ತೆ ಎಳೆಯುತ್ತಾನೆ. ಮನೆ ತಲುಪಿ ಊಟಕ್ಕೆ ಕುಳಿತಾಗ ಬೀಗ ಬಿದ್ದಿಲ್ಲವೆಂಬ ಚಿತ್ರ ಕಣ್ಣ ಮುಂದೆ ಬರುತ್ತದೆ. ಮಗನನ್ನು ಕೇಳುತ್ತಾನೆ, ಮಗ 'ಹಾಕೀರಿ' ಎನ್ನುತ್ತಾನೆ. ಅರ್ಧ ಗಂಟೆ ಸಮಾಧಾನ. ಹತ್ತೂವರೆಗೆ ಮತ್ತೆ ವಾಹನ ತೆಗೆದು ಅಂಗಡಿಗೆ ಹೊರಡುತ್ತಾನೆ. ಕಿರ್ದಿಯ ಕೂಡಿಕೆಯಲ್ಲಿಯೂ ಇದೇ ಪಾಡು. ಗಲ್ಲೆಯ ಹಣವನ್ನು ಎಣಿಸಿ, ಮತ್ತೆ ಎಣಿಸಿ, ಮೂರನೆಯ ಬಾರಿಗೆ ಎಣಿಸುವಾಗ ಮೊದಲಿನ ಎರಡು ಎಣಿಕೆಗಳ ಮೇಲೂ ನಂಬಿಕೆ ಹೊರಟುಹೋಗಿರುತ್ತದೆ.

ಎಲ್ಲ ಜಾಗರೂಕತೆಯೂ ರೋಗವಲ್ಲ. ಬೀಗವನ್ನು ಒಮ್ಮೆ ಎಳೆದು ನೋಡುವುದು, ನಗದನ್ನು ಎರಡು ಬಾರಿ ಎಣಿಸುವುದು ವ್ಯಾಪಾರದ ಶಿಸ್ತು. ಇಂತಹ ಆಲೋಚನೆ ಮತ್ತು ಕ್ರಿಯೆಗಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲವನ್ನು ನುಂಗತೊಡಗಿದಾಗ, ಇಲ್ಲವೆ ಗಣನೀಯವಾದ ಸಂಕಟವನ್ನುಂಟುಮಾಡಿ ಕೆಲಸ ಸಂಸಾರಗಳಿಗೆ ಅಡ್ಡಿಯಾದಾಗ ಮನೋವೈದ್ಯರು ಅದನ್ನು ರೋಗವೆಂದು ಪರಿಗಣಿಸುತ್ತಾರೆ. ದಿನಕ್ಕೆ ಎರಡು ಗಂಟೆಯಂತೆ ವರ್ಷಕ್ಕೆ 300 ಕೆಲಸದ ದಿನಗಳನ್ನು ಹಿಡಿದರೆ 600 ಗಂಟೆಗಳಾದವು. ಎಂಟು ಗಂಟೆಯ ದಿನದ ಲೆಕ್ಕದಲ್ಲಿ ಅದು 75 ದಿನ, ಅಂದರೆ ವರ್ಷದಲ್ಲಿ ಎರಡೂವರೆ ತಿಂಗಳು. ಇಷ್ಟು ನಷ್ಟ ಯಾವ ಖತಾವಣಿಯಲ್ಲಿಯೂ ಕಾಣಿಸುವುದಿಲ್ಲ.

ರೋಗದ ರೂಪಗಳು ಹಲವು. ಕೊಳೆ ಅಥವಾ ರೋಗಾಣುವಿನ ಭಯದಿಂದ ಚರ್ಮ ಸುಲಿಯುವವರೆಗೆ ಕೈ ತೊಳೆಯುವುದು. ವಸ್ತುಗಳು ಒಂದು ಕ್ರಮದಲ್ಲಿರಲೇಬೇಕೆಂಬ ಒತ್ತಾಯ. ದೇವರ ಕುರಿತು, ಲೈಂಗಿಕ ವಿಷಯಗಳ ಕುರಿತು, ತನ್ನವರಿಗೇ ಹಾನಿ ಮಾಡಿಬಿಡುವೆನೇನೋ ಎಂಬುದರ ಕುರಿತು ಬೇಡದ ಯೋಚನೆಗಳು. ಕೊನೆಯ ಬಗೆಯವರು ಅತಿ ಹೆಚ್ಚು ನರಳುತ್ತಾರೆ, ಅತಿ ಕಡಿಮೆ ಮಾತನಾಡುತ್ತಾರೆ. ಇಂತಹ ಯೋಚನೆ ಬರುವುದು ಕೆಟ್ಟ ಸ್ವಭಾವದ ಗುರುತಲ್ಲ. ಅದು ಬಂದಾಗ ಅವರಿಗೆ ಆಗುವ ಅಸಹ್ಯ ಮತ್ತು ಭಯಗಳೇ ಅವರು ಅಂಥವರಲ್ಲವೆಂಬುದನ್ನು ಹೇಳುತ್ತವೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು ಶೇ. 0.8 ಮಂದಿಗೆ ಸಮೀಕ್ಷೆಯ ವೇಳೆಗೆ ಈ ರೋಗವಿತ್ತು. ಸಾವಿರ ವಯಸ್ಕರಲ್ಲಿ ಎಂಟು ಮಂದಿ ಎಂದರೆ ಪ್ರತಿ ಪೇಟೆಯಲ್ಲಿಯೂ ಕೆಲವರು ಇರಲೇಬೇಕು. ಬಗೆಬಗೆಯ ಮಾನಸಿಕ ಕಾಯಿಲೆಗಳಲ್ಲಿ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ತಲುಪಿಲ್ಲವೆಂಬುದನ್ನೂ ಅದೇ ಸಮೀಕ್ಷೆ ತೋರಿಸಿಕೊಟ್ಟಿತು. ಗೀಳು ರೋಗ ಬಹುಮಟ್ಟಿಗೆ ಹದಿಹರೆಯದಲ್ಲಿ ಅಥವಾ ಯೌವನದ ಆರಂಭದಲ್ಲಿ ತಲೆದೋರುತ್ತದೆ. ನಾಚಿಕೆಯಿಂದ ಮುಚ್ಚಿಟ್ಟು ಹಲವು ವರ್ಷ ಕಳೆದ ಮೇಲೆ ವೈದ್ಯರ ಬಳಿ ಬರುವವರೇ ಹೆಚ್ಚು.

ಸಾಲ ತೀರಿಸಲು ಸಾಲ

ರೋಗದ ಒಳಗಿನ ವ್ಯವಹಾರ ವರ್ತಕರಿಗೆ ಸುಲಭವಾಗಿ ಅರ್ಥವಾಗುವಂಥದು. ಬೀಗದ ಸಂದೇಹ ಬಂದಾಗ ಆತಂಕವೇಳುತ್ತದೆ. ಹೋಗಿ ನೋಡಿದರೆ ಆತಂಕ ಇಳಿಯುತ್ತದೆ. ಆ ಇಳಿಕೆಯೇ ಬಹುಮಾನ. 'ಹೋಗಿ ನೋಡಿದ್ದರಿಂದಲೇ ಪಾರಾದೆ' ಎಂದು ಮನಸ್ಸು ಕಲಿಯುತ್ತದೆ. ನೋಡದೆ ಇದ್ದರೂ ಏನೂ ಆಗುತ್ತಿರಲಿಲ್ಲವೆಂಬುದನ್ನು ಕಲಿಯುವ ಅವಕಾಶ ತಪ್ಪಿಹೋಗುತ್ತದೆ. ಮುಂದಿನ ಬಾರಿ ಅಷ್ಟೇ ಸಮಾಧಾನಕ್ಕೆ ಎರಡು ಸಲ ನೋಡಬೇಕಾಗುತ್ತದೆ. ದುಬಾರಿ ಬಡ್ಡಿಯ ಸಾಲವನ್ನು ಮತ್ತೊಂದು ಕೈಸಾಲದಿಂದ ತೀರಿಸುವವನಿಗೆ ಅಂದಿನ ತಗಾದೆ ತಪ್ಪುತ್ತದೆ, ಅಸಲು ಮಾತ್ರ ಬೆಳೆಯುತ್ತಲೇ ಇರುತ್ತದೆ, ಇದೂ ಹಾಗೆಯೇ.

ಮನೆಯವರು ಮತ್ತು ನೌಕರರು ತಿಳಿಯದೆ ಈ ಸಾಲಕ್ಕೆ ಜಾಮೀನುದಾರರಾಗುತ್ತಾರೆ. 'ಬೀಗ ಹಾಕೀರಿ' ಎಂಬ ಮಗನ ಮಾತು ಪ್ರೀತಿಯಿಂದ ಬಂದದ್ದೇ. ಆದರೆ ಹತ್ತನೆಯ ಬಾರಿ ಅದೇ ಮಾತು ಹೇಳಿದಾಗ ಅದು ರೋಗಕ್ಕೆ ಹಾಕಿದ ಬಂಡವಾಳವಾಗುತ್ತದೆ. ಬೈದು ಗದರಿಸುವುದರಿಂದಲೂ ಪ್ರಯೋಜನವಿಲ್ಲ. ಆತಂಕ ಹೆಚ್ಚಾಗಿ, ಪರೀಕ್ಷಿಸುವ ಕ್ರಿಯೆ ಕದ್ದುಮುಚ್ಚಿ ನಡೆಯುತ್ತದೆ.

ಚಿಕಿತ್ಸೆಯ ತಿರುಳು

1966ರಲ್ಲಿ ಲಂಡನ್ನಿನ ಮನೋವಿಜ್ಞಾನಿ ವಿಕ್ಟರ್ ಮೆಯರ್ ಅವರು, ಗೀಳಿನ ರೋಗಿಗಳು ಭಯಪಡುವ ಸನ್ನಿವೇಶಕ್ಕೇ ಅವರನ್ನು ಒಡ್ಡಿ, ಅನಂತರ ಅವರು ಮಾಡುವ ಕ್ರಿಯೆಯನ್ನು ತಡೆದರೆ ರೋಗ ತಗ್ಗುತ್ತದೆಂಬುದನ್ನು ವರದಿ ಮಾಡಿದರು. ಅದೇ ಮುಂದೆ 'ಒಡ್ಡುವಿಕೆ ಮತ್ತು ಪ್ರತಿಕ್ರಿಯೆ ತಡೆ' ಎಂಬ ವ್ಯವಸ್ಥಿತ ಚಿಕಿತ್ಸೆಯಾಗಿ ಬೆಳೆಯಿತು. ರೋಗಿ ತನ್ನ ಭಯಗಳನ್ನು ಸಣ್ಣದರಿಂದ ದೊಡ್ಡದರವರೆಗೆ ಮೆಟ್ಟಿಲುಗಳಾಗಿ ಜೋಡಿಸಿಕೊಂಡು, ಕೆಳಗಿನ ಮೆಟ್ಟಿಲಿನಿಂದ ಆರಂಭಿಸುತ್ತಾನೆ. ಆತಂಕ ಏರುತ್ತದೆ, ಅದನ್ನು ಇಳಿಸಲು ಏನನ್ನೂ ಮಾಡದೆ ಕಾಯುತ್ತಾನೆ. ಕಾದಷ್ಟೂ ಅದು ತಾನಾಗಿಯೇ ಇಳಿಯುತ್ತದೆ, ಅಥವಾ ಇಳಿಯದಿದ್ದರೂ ತಾಳಿಕೊಳ್ಳಬಹುದಾದದ್ದು ಎಂಬ ಅನುಭವವಾಗುತ್ತದೆ.

ಔಷಧಗಳೂ ಇವೆ. ಫ್ಲೂಆಕ್ಸೆಟಿನ್, ಸರ್ಟ್ರಲಿನ್, ಫ್ಲೂವಾಕ್ಸಮಿನ್ ಮೊದಲಾದವು ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತವೆ. ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಾಗಬಹುದು. ಪೂರ್ಣ ಪರಿಣಾಮ ಕಾಣಲು ಹತ್ತು ಹನ್ನೆರಡು ವಾರ ಹಿಡಿಯಬಹುದು. ಎರಡು ವಾರ ನುಂಗಿ ಗುಣ ಕಾಣಲಿಲ್ಲವೆಂದು ಬಿಟ್ಟವರು ಪರೀಕ್ಷೆ ಮುಗಿಯುವ ಮೊದಲೇ ಎದ್ದು ಬಂದ ವಿದ್ಯಾರ್ಥಿಗಳಂತೆ.

ಮಾತ್ರೆ ಅಂಚೆಯಲ್ಲಿಯೂ ಬಂದೀತು. ಒಡ್ಡುವಿಕೆಯ ಚಿಕಿತ್ಸೆಗೆ ತರಬೇತಾದ ಮನುಷ್ಯ ಬೇಕು. ಭಾರತದಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಒಬ್ಬ ಮನೋವೈದ್ಯನೂ ಇಲ್ಲ, 0.75 ಎಂಬ ಅಂಕಿ ಸಾಮಾನ್ಯವಾಗಿ ಉಲ್ಲೇಖವಾಗುತ್ತದೆ. ಇರುವವರೂ ಬಹುಪಾಲು ನಗರಗಳಲ್ಲಿದ್ದಾರೆ. ತುಳಸಿಗೇರಿಯ ಒಬ್ಬ ರೋಗಿ ವಾರಕ್ಕೊಮ್ಮೆ ಒಂದು ಗಂಟೆಯ ಭೇಟಿಗಾಗಿ ಬೆಂಗಳೂರಿಗೆ ಹನ್ನೊಂದು ಬಾರಿ ಹೋಗಿಬರಬೇಕೆಂದರೆ, ಒಂದು ಪ್ರಯಾಣಕ್ಕೆ ಎರಡು ದಿನ ಹಿಡಿದರೂ 22 ದಿನಗಳು ರಸ್ತೆಯಲ್ಲಿ ಕಳೆಯುತ್ತವೆ. ಗಣಕಯಂತ್ರದ ವಿಚಾರ ಹುಟ್ಟಿದ್ದು ಇಂತಹ ಲೆಕ್ಕದಿಂದಲೇ.

ಗಣಕಯಂತ್ರದ ಪ್ರವೇಶ

1987ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಲೀ ಬೇರ್, ಮೈಕೆಲ್ ಜೆನಿಕೆ ಮತ್ತು ಅವರ ಸಹೋದ್ಯೋಗಿಗಳು, ಒಯ್ಯಬಹುದಾದ ಗಣಕಯಂತ್ರದ ಒಂದು ಕ್ರಮವಿಧಿಯನ್ನು ಗೀಳಿನ ನಡವಳಿಕೆ ಚಿಕಿತ್ಸೆಯಲ್ಲಿ ಬಳಸಿದ ವರದಿಯನ್ನು ಪ್ರಕಟಿಸಿದರು. ವೈದ್ಯನು ಜೊತೆಗಿಲ್ಲದ ಹೊತ್ತಿನಲ್ಲಿ, ಒತ್ತಾಯ ಏಳುವ ಸ್ಥಳದಲ್ಲಿಯೇ ರೋಗಿಗೆ ನೆರವು ಸಿಗಬೇಕೆಂಬುದು ಅದರ ಹಿಂದಿದ್ದ ವಿಚಾರ. 1998ರಲ್ಲಿ ಪ್ರಕಟವಾದ ಒಂದು ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಕೆನ್ ಕರ್ಕ್‌ಬಿ ಮತ್ತು ಸಂಗಡಿಗರು ಬೇರೊಂದು ದಾರಿ ಹಿಡಿದರು: ಪರದೆಯ ಮೇಲಿನ ಒಂದು ಪಾತ್ರ ಮಣ್ಣನ್ನು ಮುಟ್ಟುತ್ತದೆ, ಕೈ ತೊಳೆಯಬೇಕೇ ಬೇಡವೇ ಎಂಬುದನ್ನು ರೋಗಿಯೇ ನಿರ್ಧರಿಸಿ ಆ ಪಾತ್ರವನ್ನು ನಡೆಸಬೇಕು.

ಎಲ್ಲಕ್ಕಿಂತ ಹೆಚ್ಚು ಪರೀಕ್ಷೆಗೊಳಗಾದದ್ದು 'ಬಿ.ಟಿ. ಸ್ಟೆಪ್ಸ್'. ಲಂಡನ್ನಿನ ಐಸಾಕ್ ಮಾರ್ಕ್ಸ್, ಅಮೆರಿಕದ ಜಾನ್ ಗ್ರೈಸ್ಟ್ ಮತ್ತು ಲೀ ಬೇರ್ ಅವರು 1990ರ ದಶಕದಲ್ಲಿ ಇದನ್ನು ರೂಪಿಸಿದರು. ಮನೆಯಲ್ಲಿ ಗಣಕಯಂತ್ರ ಇರಬೇಕಾದ ಅಗತ್ಯವೇ ಇರಲಿಲ್ಲ. ರೋಗಿಯ ಕೈಯಲ್ಲಿ ಒಂದು ಮುದ್ರಿತ ಕೈಪಿಡಿ, ಮನೆಯಲ್ಲಿ ಒಂದು ದೂರವಾಣಿ. ಸಂಖ್ಯೆ ಒತ್ತಿದರೆ ಅತ್ತ ಕಡೆ ಗಣಕಯಂತ್ರವು ಧ್ವನಿಮುದ್ರಿತ ಪ್ರಶ್ನೆಗಳನ್ನು ಕೇಳುತ್ತಿತ್ತು. ಉತ್ತರವನ್ನು ದೂರವಾಣಿಯ ಗುಂಡಿಗಳಿಂದ ಒತ್ತಬೇಕು. ಒಟ್ಟು ಒಂಬತ್ತು ಮೆಟ್ಟಿಲು: ಮೊದಲ ನಾಲ್ಕರಲ್ಲಿ ರೋಗದ ಲೆಕ್ಕಾಚಾರ, ಉಳಿದವುಗಳಲ್ಲಿ ಒಡ್ಡುವಿಕೆಯ ಅಭ್ಯಾಸ.

ಇಳಕಲ್ಲಿನ ಕಲ್ಪಿತ ವ್ಯಾಪಾರಿಗೆ ಇಂತಹ ತಂತ್ರಾಂಶ ದೊರೆತಿದ್ದರೆ ಅದು ಮೊದಲು ಅವನ ಸಂದೇಹಗಳ ಪಟ್ಟಿ ಕೇಳುತ್ತಿತ್ತು. ಪ್ರತಿಯೊಂದಕ್ಕೂ ಸೊನ್ನೆಯಿಂದ ನೂರರವರೆಗೆ ಆತಂಕದ ಅಂಕ ಹಾಕಿಸುತ್ತಿತ್ತು. ಮಧ್ಯಾಹ್ನ ಒಮ್ಮೆ ಬೀಗ ಹಾಕಿ ಎದುರಿನ ಹೋಟೆಲಿನಲ್ಲಿ ಚಹಾ ಕುಡಿದು ಬರುವುದಕ್ಕೆ 30. ರಾತ್ರಿ ಒಮ್ಮೆ ಮಾತ್ರ ಎಳೆದು ಮನೆಗೆ ಹೋಗುವುದಕ್ಕೆ 60. ಬೀಗ ಹಾಕುವ ಕೆಲಸವನ್ನು ನೌಕರನಿಗೆ ಒಪ್ಪಿಸಿ ಪರವೂರಿಗೆ ಹೋಗುವುದಕ್ಕೆ 90. ಮೊದಲ ವಾರ 30ರ ಕೆಲಸ. ಹೋಟೆಲಿನಲ್ಲಿ ಕುಳಿತಾಗ ಆತಂಕ ಎಷ್ಟು, ಅರ್ಧ ಗಂಟೆಯ ಮೇಲೆ ಎಷ್ಟು, ಒಂದು ಗಂಟೆಯ ಮೇಲೆ ಎಷ್ಟು ಎಂದು ಅಂಕ ನಮೂದಿಸಬೇಕು. ಮರಳಿ ಹೋಗಿ ನೋಡುವಂತಿಲ್ಲ, ಮಗನನ್ನು ಕೇಳುವಂತಿಲ್ಲ, ಬೀಗದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡು ನೋಡುವಂತೆಯೂ ಇಲ್ಲ. ಹಲವು ದಿನಗಳ ಅಂಕಗಳನ್ನು ಒಂದೆಡೆ ಇಟ್ಟಾಗ, ಅದೇ ಕೆಲಸದ ಆತಂಕ ಇಳಿಯುತ್ತಿದೆಯೇ ಎಂಬುದು ಅವನ ಕಣ್ಣಿಗೇ ಕಾಣುತ್ತದೆ. ಇಳಿಯದಿದ್ದರೆ ತಂತ್ರಾಂಶ ಇನ್ನೂ ಸಣ್ಣ ಮೆಟ್ಟಿಲನ್ನು ಸೂಚಿಸಬಲ್ಲದು.

ಬೆಂಗಳೂರಿನಲ್ಲಿಯೇ 1986ರಲ್ಲಿ ಆರಂಭವಾದ ಸಂಸ್ಥೆಯ ಟ್ಯಾಲಿ ತಂತ್ರಾಂಶ ಇಂದು ಅಸಂಖ್ಯ ಅಂಗಡಿಗಳಲ್ಲಿದೆ. ಅದು ಜಮಾ ಖರ್ಚನ್ನು ಸರಿದೂಗಿಸುತ್ತದೆ. ಗಿರಾಕಿಯೊಡನೆ ಮಾತನಾಡುವುದಿಲ್ಲ, ಸರಕು ಹೊರುವುದಿಲ್ಲ. ಗೀಳು ಚಿಕಿತ್ಸೆಯ ತಂತ್ರಾಂಶವೂ ಅಂಥದೇ. ಅದು ಲೆಕ್ಕ ಇಡುತ್ತದೆ, ಕ್ರಮ ತಪ್ಪದಂತೆ ಎಚ್ಚರಿಸುತ್ತದೆ. ಬೀಗದಿಂದ ದೂರ ನಡೆಯುವ ಕಷ್ಟದ ಕೆಲಸ ರೋಗಿಯದೇ.

ಅಂಕಿ ಅಂಶಗಳು ಹೇಳುವುದೇನು?

ಗೀಳಿನ ತೀವ್ರತೆಯನ್ನು ಅಳೆಯಲು 1989ರಿಂದ ಬಳಕೆಯಲ್ಲಿರುವ ಯೇಲ್-ಬ್ರೌನ್ ಮಾಪನ ಪಟ್ಟಿಯಲ್ಲಿ ಗರಿಷ್ಠ 40 ಅಂಕ. 2002ರಲ್ಲಿ ಗ್ರೈಸ್ಟ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ 218 ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪುಗಳಾಗಿ ವಿಂಗಡಿಸಲಾಯಿತು. ಹತ್ತು ವಾರಗಳ ಕೊನೆಗೆ, ತಜ್ಞರ ಮುಖಾಮುಖಿ ಚಿಕಿತ್ಸೆ ಪಡೆದವರ ಅಂಕ ಸರಾಸರಿ 8.0ರಷ್ಟು ಇಳಿಯಿತು, ಗಣಕಯಂತ್ರದ ಮಾರ್ಗದರ್ಶನ ಪಡೆದವರಲ್ಲಿ 5.6, ಕೇವಲ ದೇಹವನ್ನು ಸಡಿಲಗೊಳಿಸುವ ಅಭ್ಯಾಸ ಮಾಡಿದವರಲ್ಲಿ 1.7.

ವರ್ತಕನಾದವನು ಇಲ್ಲಿ ಒಂದು ಕಳೆಯುವ ಲೆಕ್ಕ ಮಾಡಿಯಾನು. 1.7 ಅಂಕದ ಇಳಿಕೆ ವಿಶೇಷ ಚಿಕಿತ್ಸೆಯಿಲ್ಲದೆಯೂ ಆದದ್ದು. ಅದನ್ನು ತೆಗೆದರೆ ತಜ್ಞರ ಪಾಲು 6.3, ಯಂತ್ರದ ಪಾಲು 3.9. ಅಂದರೆ ತಜ್ಞರು ನೀಡಿದ ಲಾಭದಲ್ಲಿ ಸುಮಾರು ಶೇ. 62ರಷ್ಟನ್ನು ಯಂತ್ರ ನೀಡಿತು. ಯಂತ್ರ ತಜ್ಞರಿಗೆ ಸಮನಲ್ಲ. ಆದರೆ ತಜ್ಞರೇ ಸಿಗದ ಕಡೆ ಹೋಲಿಕೆ ಮಾಡಬೇಕಾದದ್ದು ಸೊನ್ನೆಯೊಡನೆ.

ಬ್ರಿಟನ್ನಿನ ಆರೋಗ್ಯ ಮೌಲ್ಯಮಾಪನ ಸಂಸ್ಥೆ ನೈಸ್ 2006ರಲ್ಲಿ ಈ ವಿಷಯವನ್ನು ತೂಗಿ ನೋಡಿತು. ಖಿನ್ನತೆಗೆ ಮತ್ತು ಭಯದ ರೋಗಗಳಿಗೆ ತಲಾ ಒಂದು ತಂತ್ರಾಂಶವನ್ನು ಅದು ಶಿಫಾರಸು ಮಾಡಿತು. ಆದರೆ ಬಿ.ಟಿ. ಸ್ಟೆಪ್ಸ್‌ನ ಮುಂದಿನ ರೂಪವಾದ 'ಓ.ಸಿ. ಫೈಟರ್' ಅನ್ನು ಗೀಳಿನ ಚಿಕಿತ್ಸೆಗೆ ಶಿಫಾರಸು ಮಾಡಲಿಲ್ಲ.

ಅನಂತರದ ಮುಖ್ಯ ಕೆಲಸ ನಡೆದದ್ದು ಸ್ವೀಡನ್ನಿನಲ್ಲಿ. ಕರೋಲಿನ್ಸ್ಕಾ ಸಂಸ್ಥೆಯ ತಜ್ಞರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 101 ರೋಗಿಗಳಿದ್ದರು. ಹತ್ತು ವಾರಗಳ ಕಾಲ ಅಂತರಜಾಲದ ಮೂಲಕ ಪಾಠ ಮತ್ತು ಅಭ್ಯಾಸ. ಜೊತೆಗೆ ಲಿಖಿತ ಸಂದೇಶಗಳ ಮೂಲಕ ಒಬ್ಬ ಚಿಕಿತ್ಸಕರ ಬೆಂಬಲ. ಈ ಗುಂಪಿನಲ್ಲಿ ಶೇ. 60 ಮಂದಿ ಗಣನೀಯವಾಗಿ ಸುಧಾರಿಸಿದರು. ಹೋಲಿಕೆಯ ಗುಂಪಿನಲ್ಲಿ ಸುಧಾರಿಸಿದವರು ಶೇ. 6 ಮಾತ್ರ. 2022ರಲ್ಲಿ ಅದೇ ದೇಶದಲ್ಲಿ 120 ಮಂದಿಯ ಮೇಲೆ ನಡೆದ ಇನ್ನೊಂದು ಅಧ್ಯಯನದ ಫಲಿತಾಂಶ ಪ್ರಕಟವಾಯಿತು. ಅಂತರಜಾಲದ ಚಿಕಿತ್ಸೆ ಮುಖಾಮುಖಿ ಚಿಕಿತ್ಸೆಗಿಂತ ಕಡಿಮೆಯಿಲ್ಲವೆಂದು ಸಿದ್ಧಪಡಿಸಲು ಅದಕ್ಕೆ ಸಾಧ್ಯವಾಗಲಿಲ್ಲ. ಆದರೂ ಎಲ್ಲ ಗುಂಪುಗಳ ರೋಗಿಗಳಲ್ಲಿ ರೋಗದ ತೀವ್ರತೆ ತಗ್ಗಿತು.

76 ನಿಮಿಷಗಳ ಬೆಲೆ

ಈ ಎಲ್ಲ ಪ್ರಯೋಗಗಳಲ್ಲಿ ಸಣ್ಣ ಉದ್ದಿಮೆದಾರರ ಗಮನ ಸೆಳೆಯಬೇಕಾದದ್ದು 2005ರಲ್ಲಿ ಲಂಡನ್ನಿನಿಂದ ಬಂದ ಒಂದು ಚಿಕ್ಕ ಅಧ್ಯಯನ. ಮಾರ್ಕ್ಸ್ ಮತ್ತು ಸಂಗಡಿಗರು 44 ರೋಗಿಗಳಿಗೆ ಒಂದೇ ಬಿ.ಟಿ. ಸ್ಟೆಪ್ಸ್ ತಂತ್ರಾಂಶವನ್ನು ಕೊಟ್ಟರು. ಅರ್ಧದಷ್ಟು ಮಂದಿಗೆ, ಬೇಕೆನಿಸಿದಾಗ ನೀವೇ ಕರೆ ಮಾಡಿ ಎಂದರು. ಉಳಿದವರಿಗೆ ಗೊತ್ತುಪಡಿಸಿದ ದಿನಗಳಲ್ಲಿ ಚಿಕಿತ್ಸಕರೇ ದೂರವಾಣಿ ಕರೆ ಮಾಡಿದರು. ಒಟ್ಟು ಒಂಬತ್ತು ಕರೆಗಳು.

ಮೊದಲ ಗುಂಪಿನವರಲ್ಲಿ ಒಡ್ಡುವಿಕೆಯ ಮನೆಗೆಲಸ ಮಾಡಿದವರು ಶೇ. 57, ಎರಡನೆಯ ಗುಂಪಿನಲ್ಲಿ ಶೇ. 95. ಎರಡನೆಯ ಗುಂಪಿನಲ್ಲಿ ನಡುವೆ ಬಿಟ್ಟುಹೋದವರೂ ಕಡಿಮೆ, ಗುಣ ಕಂಡದ್ದೂ ಹೆಚ್ಚು. 17 ವಾರಗಳಲ್ಲಿ ಒಬ್ಬ ರೋಗಿಗೆ ಚಿಕಿತ್ಸಕರು ವ್ಯಯಿಸಿದ ಒಟ್ಟು ಸಮಯ ಸರಾಸರಿ 76 ನಿಮಿಷ; ಮೊದಲ ಗುಂಪಿನಲ್ಲಿ 16 ನಿಮಿಷ. ಅಂದರೆ ತಲಾ ಒಂದು ಗಂಟೆಯ ಹೆಚ್ಚುವರಿ ಶ್ರಮ ತಂತ್ರಾಂಶದ ಫಲವನ್ನೇ ಬದಲಿಸಿತು. 2002ರ ಅಧ್ಯಯನದಲ್ಲಿ ತಜ್ಞರ ಮುಖಾಮುಖಿ ಚಿಕಿತ್ಸೆಗೆ ಹನ್ನೊಂದು ಗಂಟೆ ನಿಗದಿಯಾಗಿತ್ತು. ಎರಡೂ ಬೇರೆ ಬೇರೆ ಅಧ್ಯಯನಗಳಾದ್ದರಿಂದ ನೇರ ಹೋಲಿಕೆ ಸಲ್ಲದು. ಆದರೂ 76 ನಿಮಿಷ ಹನ್ನೊಂದು ಗಂಟೆಯ ಎಂಟನೆಯ ಒಂದು ಭಾಗಕ್ಕಿಂತ ಕಡಿಮೆ ಎಂಬುದನ್ನು ಮರೆಯುವಂತಿಲ್ಲ.

ಇದರ ಅರ್ಥ ಸ್ಪಷ್ಟ. ಯಂತ್ರವೊಂದನ್ನೇ ಕೊಟ್ಟರೆ ಅದು ಮೂಲೆ ಸೇರುತ್ತದೆ. ವಾರಕ್ಕೊಮ್ಮೆ ಕೇಳುವ ಒಬ್ಬ ಮನುಷ್ಯನಿದ್ದರೆ ಅದು ಕೆಲಸ ಮಾಡುತ್ತದೆ. ಉಗ್ರಾಣಿಗೆ ದಾಸ್ತಾನು ಪುಸ್ತಕ ಕೊಟ್ಟ ಮಾತ್ರಕ್ಕೆ ಲೆಕ್ಕ ಸರಿಯಾಗುವುದಿಲ್ಲ. ಶನಿವಾರ ಸಂಜೆ ಧಣಿ ಬಂದು ಪುಸ್ತಕ ತೆರೆದು ನೋಡುತ್ತಾನೆಂಬ ಅರಿವಿದ್ದಾಗ ಸರಿಯಾಗುತ್ತದೆ.

ಕರ್ನಾಟಕದಲ್ಲಿರುವ ವ್ಯವಸ್ಥೆ

ಗೀಳು ರೋಗದ ಚಿಕಿತ್ಸೆ ಮತ್ತು ಸಂಶೋಧನೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ದೇಶಕ್ಕೇ ಮುಂಚೂಣಿಯಲ್ಲಿದೆ. ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗಳನ್ನು ಒಂದುಗೂಡಿಸಿ 1974ರಲ್ಲಿ ರೂಪುಗೊಂಡ ಈ ಸಂಸ್ಥೆಯಲ್ಲಿ ಗೀಳಿಗೆಂದೇ ಪ್ರತ್ಯೇಕ ವಿಶೇಷ ಚಿಕಿತ್ಸಾಲಯವಿದೆ, ಡಾ. ವೈ.ಸಿ. ಜನಾರ್ದನ ರೆಡ್ಡಿ ಮತ್ತು ಅವರ ಸಹೋದ್ಯೋಗಿಗಳು ಈ ಕ್ಷೇತ್ರದಲ್ಲಿ ದೀರ್ಘಕಾಲ ಕೆಲಸ ಮಾಡಿದ್ದಾರೆ. ಅದೇ ಸಂಸ್ಥೆಯ ಡಾ. ಸಿ.ಆರ್. ಚಂದ್ರಶೇಖರ್ ಅವರು ಮನೋರೋಗಗಳ ಕುರಿತು ಕನ್ನಡದಲ್ಲಿ ಬರೆದ ಹಲವಾರು ಪುಸ್ತಕಗಳು ಜನಸಾಮಾನ್ಯರಿಗೆ ಈ ವಿಷಯವನ್ನು ತಿಳಿಯಪಡಿಸಿವೆ.

ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರದ ದೊಡ್ಡ ಕೇಂದ್ರ. 1845ರಷ್ಟು ಹಿಂದೆ ಆರಂಭವಾದ ಆಸ್ಪತ್ರೆಯೇ ಇಂದು ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿ ಬೆಳೆದಿದೆ. ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಹಾಗೂ ಕುಮಾರೇಶ್ವರ ಆಸ್ಪತ್ರೆ ಇದೆ. ಜಿಲ್ಲೆಯ ಮಟ್ಟದಲ್ಲಿ ಮಾನಸಿಕ ಚಿಕಿತ್ಸೆ ನೀಡುವ ಕ್ರಮದ ಮೂಲವೂ ಈ ಸೀಮೆಗೆ ದೂರದ್ದಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ದೂರದ ಚಿಕಿತ್ಸೆಗೆ ಈಗ ಕಾನೂನಿನ ದಾರಿಯೂ ಇದೆ. ಕೇಂದ್ರ ಸರ್ಕಾರವು 2020ರ ಮಾರ್ಚ್ 25ರಂದು ದೂರವೈದ್ಯಕೀಯದ ಮಾರ್ಗಸೂಚಿಗಳನ್ನು ಹೊರಡಿಸಿತು. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಸೇವೆಗೆ 14416 ಎಂಬ ಶುಲ್ಕರಹಿತ ಸಂಖ್ಯೆಯಿದೆ. ಹಗಲಿರುಳೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತನಾಡಬಹುದು. ಇದಕ್ಕೆ ನಿಮ್ಹಾನ್ಸ್ ಶಿಖರ ಸಂಸ್ಥೆ.

ಇಷ್ಟಾದರೂ ಒಂದು ಕೊರತೆ ಉಳಿದಿದೆ. ಮೇಲೆ ಹೇಳಿದ ಅಧ್ಯಯನಗಳ ತಂತ್ರಾಂಶಗಳು ಇಂಗ್ಲಿಷ್ ಮತ್ತು ಸ್ವೀಡಿಷ್ ಭಾಷೆಗಳ ಜನರಿಗಾಗಿ ರೂಪುಗೊಂಡವು. ಮಡಿ ಮೈಲಿಗೆಯ ಆಚರಣೆ ಎಲ್ಲಿ ಮುಗಿಯಿತು, ಗೀಳು ಎಲ್ಲಿ ಆರಂಭವಾಯಿತು ಎಂಬ ಸೂಕ್ಷ್ಮವನ್ನು ಹುನಗುಂದದ ಗೃಹಿಣಿಗೆ ಅವಳದೇ ಮಾತಿನಲ್ಲಿ ಕೇಳುವ ತಂತ್ರಾಂಶವನ್ನು ಭಾಷಾಂತರದಿಂದ ಪಡೆಯಲಾಗದು, ಇಲ್ಲಿಯೇ ಕಟ್ಟಬೇಕು. ಬಿ.ಟಿ. ಸ್ಟೆಪ್ಸ್ ಸಾಮಾನ್ಯ ದೂರವಾಣಿಯ ಗುಂಡಿಗಳಿಂದಲೇ ನಡೆಯಿತೆಂಬುದು ಇಲ್ಲಿ ಮುಖ್ಯ. ಓದು ಬಾರದವರಿಗೂ, ದುಬಾರಿ ಮೊಬೈಲ್ ಇಲ್ಲದವರಿಗೂ ಕನ್ನಡದ ಧ್ವನಿಯಲ್ಲಿ ಅಂತಹ ಸೇವೆ ತಲುಪಬಲ್ಲದು. ಮನೋವೈದ್ಯರೊಡನೆ ಕೈಜೋಡಿಸುವ ಕನ್ನಡದ ತಂತ್ರಾಂಶ ಉದ್ಯಮಿಗಳಿಗೆ ಇದು ಸೇವೆಯೂ ಹೌದು, ಉದ್ದಿಮೆಯೂ ಹೌದು.

ಯಂತ್ರವೇ ಗೀಳಾದಾಗ

ಗಣಕಯಂತ್ರಕ್ಕೆ ಇನ್ನೊಂದು ಮುಖವಿದೆ. ಸಂದೇಹದ ರೋಗಿಗೆ ಅಂತರಜಾಲ ಎಂದೂ ಬತ್ತದ ಬಾವಿ. 'ಈ ಕಲೆ ರಕ್ತವೇ?', 'ಇದನ್ನು ಮುಟ್ಟಿದರೆ ರೋಗ ಬರುವುದೇ?' ಎಂದು ರಾತ್ರಿಯಿಡೀ ಹುಡುಕುವುದು ಕೈ ತೊಳೆದಷ್ಟೇ ಬಲವಾದ ಗೀಳು. ಮಗ ಹತ್ತು ಬಾರಿ ಉತ್ತರಿಸಿ ಬೇಸರಗೊಂಡಾನು. ಮಾತನಾಡುವ ಇಂದಿನ ಯಂತ್ರಗಳು ನೂರು ಬಾರಿ ಕೇಳಿದರೂ ಸಹನೆಯಿಂದ ಉತ್ತರ ಕೊಡುತ್ತವೆ. ಆ ಸಹನೆಯೇ ಇಲ್ಲಿ ಅಪಾಯ. ಭರವಸೆ ಕೊಡುವ ಯಂತ್ರ ರೋಗವನ್ನು ಬೆಳೆಸುತ್ತದೆ. ಭರವಸೆ ಕೊಡದೆ ಕಾಯಲು ಕಲಿಸುವ ಯಂತ್ರ ಚಿಕಿತ್ಸೆಗೆ ನೆರವಾಗುತ್ತದೆ. ಯಾವುದೇ ತಂತ್ರಾಂಶವನ್ನು ತೂಗಿ ನೋಡಲು ಇದೊಂದು ಒಳ್ಳೆಯ ತಕ್ಕಡಿ.

ಮೊಬೈಲಿನಲ್ಲಿ ದೊರೆಯುವ ತಂತ್ರಾಂಶ ಬಳಸುವ ಮೊದಲು ಕೆಲವು ವಿಷಯಗಳನ್ನು ವಿಚಾರಿಸಬೇಕು. ಅದನ್ನು ರೂಪಿಸಿದವರಲ್ಲಿ ಮನೋವೈದ್ಯರಿದ್ದಾರೆಯೇ? ಒಡ್ಡುವಿಕೆಯ ಅಭ್ಯಾಸ ಅದರಲ್ಲಿದೆಯೇ, ಇಲ್ಲವೆ ಕೇವಲ ಸಮಾಧಾನದ ಮಾತುಗಳಿವೆಯೇ? ರೋಗಿ ಬರೆದ ಗುಟ್ಟಿನ ಯೋಚನೆಗಳು ಯಾರ ಕೈ ಸೇರುತ್ತವೆ? ರೋಗನಿರ್ಣಯ ವೈದ್ಯರಿಂದಲೇ ಆಗಬೇಕು. ನಡೆಯುತ್ತಿರುವ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು. ತೀವ್ರ ಖಿನ್ನತೆಯೋ ಬದುಕು ಸಾಕೆಂಬ ಯೋಚನೆಯೋ ಇದ್ದರೆ ತಂತ್ರಾಂಶವನ್ನು ಬದಿಗಿಟ್ಟು ತಕ್ಷಣ ವೈದ್ಯರನ್ನು ಕಾಣಬೇಕು.

ವರ್ತಕರು ಮಾಡಬಹುದಾದದ್ದು

ಮೊದಲನೆಯದು, ಗುರುತಿಸುವುದು. ಪಾಳಿ ಮುಗಿದರೂ ಯಂತ್ರದ ಗುಂಡಿಯನ್ನು ಪದೇ ಪದೇ ಪರೀಕ್ಷಿಸುತ್ತ ನಿಲ್ಲುವ ಕೆಲಸಗಾರ, ಒಂದು ಬೀಜಕವನ್ನು ಬರೆದು ಹರಿದು ಮತ್ತೆ ಬರೆಯುವ ಗುಮಾಸ್ತ, ಬಚ್ಚಲಿನಲ್ಲಿ ಒಂದು ಗಂಟೆ ಕಳೆಯುವ ಮಗಳು ಸೋಮಾರಿಗಳೂ ಅಲ್ಲ, ಹಟಮಾರಿಗಳೂ ಅಲ್ಲ. ಅವರನ್ನು ಪ್ರತ್ಯೇಕವಾಗಿ ಕರೆದು, ಇದು ಗುಣವಾಗುವ ಕಾಯಿಲೆ ಇರಬಹುದು ಎಂದು ಹೇಳುವ ಒಬ್ಬ ಯಜಮಾನ ಹಲವು ವರ್ಷಗಳ ನರಳಾಟವನ್ನು ತಪ್ಪಿಸಬಲ್ಲ.

ಎರಡನೆಯದು, ವಿಮೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 21ನೆಯ ಕಲಮು, ದೈಹಿಕ ಕಾಯಿಲೆಗಳಿಗೆ ಇರುವ ಆಧಾರದ ಮೇಲೆಯೇ ಮಾನಸಿಕ ಕಾಯಿಲೆಗಳಿಗೂ ವೈದ್ಯಕೀಯ ವಿಮೆ ಒದಗಿಸಬೇಕೆಂದು ವಿಧಿಸುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರವು 2018ರ ಆಗಸ್ಟ್‌ನಲ್ಲಿ ಇದನ್ನು ಪಾಲಿಸುವಂತೆ ಕಂಪನಿಗಳಿಗೆ ಸುತ್ತೋಲೆ ಕಳುಹಿಸಿತು. ಗೀಳಿನ ಚಿಕಿತ್ಸೆ ಹೆಚ್ಚಾಗಿ ಹೊರರೋಗಿಯಾಗಿಯೇ ನಡೆಯುವುದರಿಂದ, ಕಾರ್ಮಿಕರ ಗುಂಪು ವಿಮೆಯನ್ನು ನವೀಕರಿಸುವಾಗ ಹೊರರೋಗಿ ವೆಚ್ಚ ಸೇರಿದೆಯೇ ಎಂಬುದನ್ನು ಕೇಳಿ ತಿಳಿಯಬೇಕು.

ಮೂರನೆಯದು, ಸ್ಥಳ ಮತ್ತು ಸಮಯ. ವಾರಕ್ಕೆ ಹತ್ತು ನಿಮಿಷದ ದೂರವಾಣಿ ಕರೆಗೆ ನೌಕರನಿಗೆ ಒಂದು ಮುಚ್ಚಿದ ಕೋಣೆ ಮತ್ತು ಬಿಡುವು ಕೊಡುವುದು ದೊಡ್ಡ ಖರ್ಚಲ್ಲ. ಕೆಲಸದ ನಿಯಮಗಳೂ ನೆರವಾಗಬಲ್ಲವು. ನಗದನ್ನು ಇಬ್ಬರು ತಲಾ ಒಮ್ಮೆ ಎಣಿಸಿ ಸಹಿ ಮಾಡುವುದು, ಬೀಗ ಹಾಕಿದವನು ಒಮ್ಮೆ ಮಾತ್ರ ಎಳೆದು ನೋಡುವುದು ಎಂಬ ಸ್ಪಷ್ಟ ಕ್ರಮವಿದ್ದರೆ ಎಲ್ಲರಿಗೂ ಅನುಕೂಲ. ಆದರೆ ರೋಗಿಯ ಸಲುವಾಗಿ ಪರೀಕ್ಷೆಗಳನ್ನು ಹೆಚ್ಚಿಸುತ್ತ ಹೋಗುವುದು ಅವನಿಗೆ ಮಾಡುವ ಉಪಕಾರವಲ್ಲ.

ಇಳಕಲ್ಲಿನ ಕಲ್ಪಿತ ವ್ಯಾಪಾರಿಯ ಕಥೆ ಒಂದು ದಿನದಲ್ಲಿ ಮುಗಿಯುವಂಥದಲ್ಲ. ಚಿಕಿತ್ಸೆ ಫಲಿಸಿದ ಮೇಲೆಯೂ ಬೀಗ ಹಾಕಿ ನಡೆಯುವಾಗ ಆ ಸಂದೇಹ ಅವನ ಬೆನ್ನು ಹತ್ತಬಹುದು. ವ್ಯತ್ಯಾಸವಿಷ್ಟೇ: ಅವನು ಹಿಂದಿರುಗುವುದಿಲ್ಲ. ಸಂದೇಹ ಇದ್ದಂತೆಯೇ ಮನೆಗೆ ಹೋಗಿ, ಊಟ ಮಾಡಿ, ಮೊಮ್ಮಕ್ಕಳೊಡನೆ ಮಾತನಾಡಿ ಮಲಗುತ್ತಾನೆ. ಬೆಳಿಗ್ಗೆ ಅಂಗಡಿಯ ಮುಂದೆ ನಿಂತಾಗ ಬೀಗ ಹಾಕಿದಂತೆಯೇ ಇರುತ್ತದೆ. ವರ್ಷಕ್ಕೆ 75 ದಿನಗಳು ಅವನ ಜಮೆಗೆ ಮರಳಿ ಬರುತ್ತವೆ.